ಕಾಫಿ ತಂದವಳು ಯಾರು?

ಕಥೆ ಹೇಳುವವನಿಗೆ ಮುಖ್ಯವಾಗಿ ಗೊತ್ತಿರಬೇಕಾದದ್ದು ಯಾವ ಭಾಗವನ್ನು ಹೇಳದೆ ಬಿಡಬೇಕು ಎಂಬುದು. ದಕ್ಷಿಣ ಆಫ್ರಿಕಾದ ಊಮ್ ಸ್ಕಾಲ್ಕ್ ಲೌರೆನ್ಸ್ ಎಂಬ ಮುದುಕ ತನ್ನ ಒಂದು ಕಥೆಯನ್ನು ಆರಂಭಿಸುವುದು ಇಂಥ ಅಭಿಪ್ರಾಯದಿಂದ. ಆತ ನಿಜವಾಗಿ ಬದುಕಿದ್ದವನಲ್ಲ. ಹರ್ಮನ್ ಚಾರ್ಲ್ಸ್ ಬಾಸ್ಮನ್ ಎಂಬ ಲೇಖಕರು ಕಲ್ಪಿಸಿದ ಬಿಳಿಯ ರೈತ. 'ಊಮ್' ಎಂದರೆ ಮಾವ ಅಥವಾ ದೊಡ್ಡಪ್ಪ. ಆಫ್ರಿಕಾನ್ಸ್ ಮಾತಾಡುವ ಊರುಗಳಲ್ಲಿ ಸ್ವಲ್ಪ ವಯಸ್ಸಾದ ಯಾವ ಗಂಡಸನ್ನಾದರೂ ಹಾಗೆ ಕರೆಯುವುದು ರೂಢಿ. ಹೆಂಗಸಾದರೆ 'ಟಾನಿ', ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ನೆಂಟಸ್ತಿಕೆ ಇರಲೇಬೇಕೆಂದಿಲ್ಲ. ಹೆಸರು ಹಿಡಿದು ಕರೆದರೆ ಅದು ಮರ್ಯಾದೆಗೇಡು, ಅಷ್ಟೆ.

ಇಂಥ ಊಮ್‌ಗಳೂ ಟಾನಿಗಳೂ ತುಂಬಿರುವ ಚಿಕ್ಕ ಊರಿಗೆ ಆಫ್ರಿಕಾನ್ಸ್ ಭಾಷೆಯಲ್ಲಿ 'ಡಾರ್ಪ್' ಎನ್ನುತ್ತಾರೆ. ಊರ ನಡುವೆ ಎತ್ತರದ ಗೋಪುರದ ಚರ್ಚು, ಅದರ ಮುಂದೆ ವಿಶಾಲವಾದ ಬಯಲು. ಮೂರು ತಿಂಗಳಿಗೊಮ್ಮೆ ದೊಡ್ಡ ಪ್ರಾರ್ಥನೆ ನಡೆಯುವಾಗ ಸುತ್ತಲಿನ ಹೊಲಮನೆಗಳ ರೈತರು ಗಾಡಿ ಕಟ್ಟಿಕೊಂಡು ಬಂದು ಬೀಡುಬಿಡುತ್ತಿದ್ದ ಜಾಗ ಅದು. ಒಂದೇ ಒಂದು ದೊಡ್ಡ ಬೀದಿ. ಬೀದಿಗೆ ಮುಖಮಾಡಿದ ಮನೆಗಳ ಮುಂದೆ ನೆರಳಿನ ಜಗಲಿ. ಅದಕ್ಕೆ ಅವರ ಮಾತು 'ಸ್ಟೂಪ್'. ಸಂಜೆಯಾದರೆ ಜಗಲಿಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ಯಜಮಾನ, ಕೈಯಲ್ಲಿ ಕಾಫಿ, ಬಾಯಲ್ಲಿ ಊರ ಸುದ್ದಿ. ಮಳೆ ಬಂದೀತೆ, ಪಾದ್ರಿಯ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಪಕ್ಕದ ಜಮೀನಿನವನ ಬೇಲಿ ಎಲ್ಲಿಗೆ ಸರಿಯಿತು... ಇವೇ ಅಲ್ಲಿನ ಲೋಕವಾರ್ತೆ.

ಈ ಚಿತ್ರದಲ್ಲಿ ಒಂದು ಭಾಗ ಬಿಟ್ಟುಹೋಗಿದೆ. ಡಾರ್ಪ್ ಎಂದರೆ ಒಂದೂರಲ್ಲ, ಎರಡೂರು. ರೈಲು ಹಳಿಯ ಆಚೆಗೋ ಹೊಳೆಯ ಆಚೆಗೋ ಇನ್ನೊಂದು ಕೇರಿ. ಅಲ್ಲಿ ಕರಿಯರು ಮತ್ತು ಅಲ್ಲಿನ ಕಾನೂನು 'ಕಲರ್ಡ್' ಎಂದು ಹೆಸರಿಟ್ಟ ಮಿಶ್ರವರ್ಣೀಯರು. ಜಗಲಿಯ ಮನೆಯ ಹಿತ್ತಿಲ ಬಾಗಿಲಿನಿಂದ ಬೆಳಗ್ಗೆ ಒಳಗೆ ಬಂದು ರಾತ್ರಿ ಹೊರಗೆ ಹೋಗುವವರು. 1950ರ ಗುಂಪು ಪ್ರದೇಶಗಳ ಕಾಯಿದೆ ಬರುವ ಮೊದಲೂ ಈ ಗೆರೆ ಇತ್ತು. ಕಾಯಿದೆ ಅದನ್ನು ಕಲ್ಲಿನಲ್ಲಿ ಕೊರೆಯಿತು. ಆಫ್ರಿಕಾನ್ಸ್ ಕಥೆ ಕಾದಂಬರಿಗಳಲ್ಲಿ ಬರುವ ಡಾರ್ಪನ್ನು ರಂಗದ ಮೇಲೆ ತರಲು ಹೊರಟವರಿಗೆಲ್ಲ ಎದುರಾದ ಪ್ರಶ್ನೆ ಕೊನೆಗೆ ಇಲ್ಲಿಗೇ ಬಂದು ಮುಟ್ಟುತ್ತದೆ.

ಕಾದಂಬರಿಕಾರನಿಗೆ 'ಕಾಫಿ ಬಂತು' ಎಂದು ಬರೆದರೆ ಸಾಕು. ರಂಗದ ಮೇಲೆ ಕಾಫಿ ತಾನಾಗಿ ಬರುವುದಿಲ್ಲ. ಯಾರಾದರೂ ತರಬೇಕು. ತಂದವಳಿಗೆ ಒಂದು ಮೈ ಇರುತ್ತದೆ, ನಡಿಗೆ ಇರುತ್ತದೆ, ಕಣ್ಣಿರುತ್ತದೆ. ಲೋಟ ಇಟ್ಟು ಹೋಗುವ ಮೊದಲು ಅವಳು ಅರೆಕ್ಷಣ ನಿಂತರೆ ಸಾಕು, ಪ್ರೇಕ್ಷಕರು ಕಥೆ ಹೇಳುವ ಯಜಮಾನನನ್ನು ಬಿಟ್ಟು ಅವಳನ್ನು ನೋಡತೊಡಗುತ್ತಾರೆ. ಪುಟದ ಮೇಲೆ ಅರ್ಧ ವಾಕ್ಯದಲ್ಲಿ ಮುಗಿದುಹೋದವಳು ರಂಗದಲ್ಲಿ ಇಡೀ ನಾಟಕದ ಸಾಕ್ಷಿಯಾಗಿಬಿಡುತ್ತಾಳೆ.

* * *

ಈ ಭಾಷೆಯ ಹುಟ್ಟಿನಲ್ಲಿಯೇ ಅಡುಗೆಮನೆಯ ಪಾಲು ದೊಡ್ಡದು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್ ಭೂಶಿರದಲ್ಲಿ ನೆಲೆಯೂರಿತು. ಹಡಗುಗಳಿಗೆ ತರಕಾರಿ, ಮಾಂಸ, ನೀರು ಒದಗಿಸುವ ತಾಣ ಅದು. ದುಡಿಯಲು ಇಂಡೋನೇಷ್ಯಾದಿಂದ, ಮಡಗಾಸ್ಕರಿನಿಂದ, ಭಾರತದ ಮಲಬಾರ್, ಕೋರಮಂಡಲ ಕರಾವಳಿ ಹಾಗೂ ಬಂಗಾಳದಿಂದ ಗುಲಾಮರನ್ನು ತಂದರು. ಆ ನೆಲದ ಖೋಯ್‌ಖೋಯ್ ಜನರೂ ಇದ್ದರು. ಇವರೆಲ್ಲ ಒಡೆಯರ ಡಚ್ ಭಾಷೆಯನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಆಡಿದರು. ಒಡೆಯರ ಮಕ್ಕಳು ಆಯಾಗಳ ಸೊಂಟದ ಮೇಲೆ ಬೆಳೆದು ಅದೇ ಮಾತನ್ನು ಕಲಿತರು. ಹೀಗೆ ಹದವಾದದ್ದು ಆಫ್ರಿಕಾನ್ಸ್. ಬಾಳೆಹಣ್ಣಿಗೆ 'ಪಿಸಾಂಗ್' ಎನ್ನುವುದೂ, 'ಬಹಳ' ಎನ್ನುವುದಕ್ಕೆ 'ಬಾಯ' ಎನ್ನುವುದೂ ಮಲಯ ಭಾಷೆಯಿಂದ ಬಂದ ಬಳುವಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಮುಸ್ಲಿಮರು ತಮ್ಮ ಮದರಸಾಗಳಿಗಾಗಿ ಈ ಮಾತನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಅದರ ಅತಿ ಹಳೆಯ ಬರಹಗಳಲ್ಲಿ ಇವೂ ಸೇರಿವೆ.

ಓದಿದ ಬಿಳಿಯರು ಮೊದಮೊದಲು ಅದನ್ನು 'ಅಡುಗೆಮನೆ ಡಚ್' ಎಂದು ಹೀಯಾಳಿಸಿದರು. ಆಮೇಲೆ ಅದೇ ಭಾಷೆಯನ್ನು ಎದೆಗಪ್ಪಿಕೊಂಡು ಜನಾಂಗದ ಬಾವುಟವಾಗಿಸಿದರು. 1925ರಲ್ಲಿ ಅದು ಅಧಿಕೃತ ಭಾಷೆಯಾಯಿತು, 1933ರಲ್ಲಿ ಬೈಬಲ್ ಬಂತು. 1976ರ ಜೂನ್ 16ರಂದು ಅದೇ ಭಾಷೆಯನ್ನು ಶಾಲೆಗಳಲ್ಲಿ ಹೇರಿದ್ದಕ್ಕೆ ಸೊವೆಟೊದ ಮಕ್ಕಳು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ಆದರೂ ಈ ಭಾಷೆಯನ್ನು ಮನೆಮಾತಾಗಿ ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿ. ಜಗಲಿಯ ಭಾಷೆಯೂ ಅದೇ, ಹಿತ್ತಿಲ ಭಾಷೆಯೂ ಅದೇ. ಆಡುವ ರೀತಿ ಮಾತ್ರ ಬೇರೆ.

ಬಾಸ್ಮನ್ ಅವರ ಸ್ಥಿತಿ ಇನ್ನೂ ವಿಚಿತ್ರ. ಅವರು ಆಫ್ರಿಕಾನರ್ ಮನೆತನದವರು. ಆಫ್ರಿಕಾನ್ಸ್‌ನಲ್ಲಿಯೂ ಬರೆದವರು. ಆದರೆ ಅವರಿಗೆ ಹೆಸರು ತಂದ ಕಥೆಗಳು ಇಂಗ್ಲಿಷಿನಲ್ಲಿವೆ. ಆ ಇಂಗ್ಲಿಷಿನ ಒಳಗೆ ಉಸಿರಾಡುವುದು ಮಾತ್ರ ಜಗಲಿಯ ಆಫ್ರಿಕಾನ್ಸ್. 1926ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಗ್ರೂಟ್ ಮರಿಕೊ ಎಂಬ ಒಣಸೀಮೆಗೆ ಶಾಲಾಮೇಷ್ಟರಾಗಿ ಹೋದರು. ಅಲ್ಲಿದ್ದದ್ದು ಸುಮಾರು ಆರು ತಿಂಗಳು. ರಜೆಗೆಂದು ಜೊಹಾನ್ಸ್‌ಬರ್ಗಿನ ಮನೆಗೆ ಬಂದಾಗ ಜಗಳವೊಂದರಲ್ಲಿ ಮಲತಮ್ಮನ ಮೇಲೆ ಗುಂಡು ಹಾರಿಸಿ ಕೊಂದರು. ಗಲ್ಲುಶಿಕ್ಷೆಯಾಯಿತು, ಅದು ಹತ್ತು ವರ್ಷಗಳ ಸಜೆಗಿಳಿಯಿತು, 1930ರಲ್ಲಿ ಬಿಡುಗಡೆಯೂ ಆಯಿತು. ಆರು ತಿಂಗಳು ಕೇಳಿಸಿಕೊಂಡ ಜಗಲಿ ಮಾತುಗಳು ಅವರಿಗೆ ಜೀವಮಾನಕ್ಕೆ ಸಾಕಾದವು. 1947ರಲ್ಲಿ 'ಮಾಫೆಕಿಂಗ್ ರೋಡ್' ಸಂಕಲನ ಬಂತು. 1951ರಲ್ಲಿ ಅವರು ತೀರಿಕೊಂಡರು.

ಈ ಕಥೆಗಳು ರಂಗಕ್ಕೆ ಬಂದದ್ದು ಪ್ಯಾಟ್ರಿಕ್ ಮೈನ್‌ಹಾರ್ಟ್ ಎಂಬ ನಟನ ಮೂಲಕ. ಅವರೂ ಫ್ರೀ ಸ್ಟೇಟ್ ಸೀಮೆಯ ಬೆತೂಲಿ ಎಂಬ ಡಾರ್ಪಿನಲ್ಲಿ ಹುಟ್ಟಿದವರು. ಆ ನೆಲದ ಸಿಹಿ ದ್ರಾಕ್ಷಾರಸದ ಹೆಸರನ್ನಿಟ್ಟುಕೊಂಡ 'ಎ ಸಿಪ್ ಆಫ್ ಜೆರಿಪಿಗೊ' ಎಂಬ ಏಕವ್ಯಕ್ತಿ ಪ್ರದರ್ಶನವನ್ನು ಅವರು ದಶಕಗಳ ಕಾಲ ಊರೂರಿಗೆ ಕೊಂಡೊಯ್ದರು. 2007ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ನೀಡಲು ಹೋಗಿದ್ದಾಗಲೇ ತೀರಿಕೊಂಡರು. ಅವರು ಆರಿಸಿಕೊಂಡ ದಾರಿ ಅತಿ ಸರಳವಾದದ್ದು. ಕಥೆಯನ್ನು ದೃಶ್ಯಗಳಾಗಿ ಕತ್ತರಿಸುವ ಗೋಜಿಲ್ಲ, ಹತ್ತು ಪಾತ್ರಗಳಿಗೆ ಹತ್ತು ನಟರ ಖರ್ಚಿಲ್ಲ. ಹೇಳುವವನೇ ನಾಟಕ. ಕಳೆದ ದನ ಹುಡುಕಲು ಅತ್ಯುತ್ತಮ ಉಪಾಯವೆಂದರೆ ಮರದ ನೆರಳಿನಲ್ಲಿ ಮಲಗುವುದು ಎನ್ನುವ ಸೋಮಾರಿ ಊಮ್ ಸ್ಕಾಲ್ಕ್, ಹಾಗೆ ಮಲಗಿದ್ದಾಗ ಚಿರತೆಯೊಂದು ಬಂದು ತನ್ನನ್ನು ಮೂಸಿ ಪಕ್ಕದಲ್ಲೇ ಒರಗಿತು ಎಂದು ಹೇಳುವಾಗ, ರಂಗದ ಮೇಲೆ ಚಿರತೆ ಬೇಕಿಲ್ಲ. ಮುದುಕನ ಮುಖ ಇದ್ದರೆ ಸಾಕು.

ಈ ದಾರಿಯ ಲಾಭ ದೊಡ್ಡದು. ಡಾರ್ಪಿನ ಕಥೆಯ ಜೀವ ಇರುವುದು ಘಟನೆಯಲ್ಲಲ್ಲ, ಹೇಳುವ ಧಾಟಿಯಲ್ಲಿ. ಆ ಧಾಟಿ ಇಲ್ಲಿ ಮುಕ್ಕಾಗದೆ ಉಳಿಯುತ್ತದೆ. ಅಪಾಯವೂ ಅಲ್ಲೇ ಇದೆ. ಊಮ್ ಸ್ಕಾಲ್ಕ್ ಕರಿಯರ ಬಗ್ಗೆ ಆಡುವ ಮಾತುಗಳು ಆ ಕಾಲದ ಬಿಳಿಯ ರೈತನ ಮಾತುಗಳೇ. ಬಾಸ್ಮನ್ ಅವರ ವ್ಯಂಗ್ಯವಿರುವುದು ಮುದುಕನಿಗೆ ತನ್ನ ಮಾತಿನ ಅರ್ಥ ತನಗೇ ತಿಳಿಯದಿರುವಲ್ಲಿ. ಒಂದು ಕಥೆಯಲ್ಲಿ ಕಾದಾಟವೊಂದರಲ್ಲಿ ಬಿಳಿಯ ರೈತನೂ ಅವನಿಗೆ ಎದುರಾದ ಆಫ್ರಿಕನ್ ಯೋಧನೂ ಒಂದೇ ಜಾಗದಲ್ಲಿ ಬಿದ್ದು ಸಾಯುತ್ತಾರೆ. ತಿಂಗಳುಗಳ ನಂತರ ರೈತನ ಮೂಳೆಗಳನ್ನು ತಂದು ಗೌರವದಿಂದ ಹೂಳಲು ನೆಂಟರಿಷ್ಟರು ಹೋಗುತ್ತಾರೆ. ಯಾವ ಮೂಳೆ ಯಾರದು? ಹೇಗೋ ಆರಿಸಿ ತಂದು ಹೂಳುತ್ತಾರೆ. ಆಮೇಲೆ ನೋಡಿದರೆ ಯೋಧನ ಹಳದಿ ನಾಯಿ ಬಂದು ಕಾವಲು ಕುಳಿತಿರುವುದು ಆ ರೈತನ ಗೋರಿಯ ಮೇಲೆ!

ಈ ಕಥೆಯನ್ನು ಒಬ್ಬಂಟಿಯಾಗಿ ಮನೆಯಲ್ಲಿ ಓದುವವನು ನಗುತ್ತಾನೆ, ನಕ್ಕ ಮೇಲೆ ಸುಮ್ಮನಾಗುತ್ತಾನೆ. ನಾಟಕಮಂದಿರದಲ್ಲಿ ಮುನ್ನೂರು ಜನ ಒಟ್ಟಿಗೆ ನಕ್ಕಾಗ ಆ ಸುಮ್ಮನಾಗುವ ಗಳಿಗೆ ಕೈತಪ್ಪಿಹೋಗಬಹುದು. ಮುದುಕನನ್ನು ನೋಡಿ ನಗುತ್ತಿದ್ದೇವೆಯೋ, ಮುದುಕನ ಜೊತೆ ಸೇರಿ ನಗುತ್ತಿದ್ದೇವೆಯೋ ಎಂಬುದು ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನೂ ಅವಲಂಬಿಸಿದೆ. ಬಾಸ್ಮನ್ ಅವರ ರೈತರು ಸಾಮಾನು ಕೊಳ್ಳಲು ಹೋಗುವ ಅಂಗಡಿ ರಾಮುಟ್ಸಾ ಎಂಬಲ್ಲಿರುವ ಭಾರತೀಯನದು. ಕಥೆಯಿಂದ ಕಥೆಗೆ ಆ ಅಂಗಡಿಯ ಪ್ರಸ್ತಾಪ ಬರುತ್ತದೆ. ಆ ಅಂಗಡಿಯವನ ಮೊಮ್ಮಗಳು ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ನಗುವಿನ ಸದ್ದು ಖಂಡಿತ ಬೇರೆಯಾಗಿರುತ್ತದೆ.

* * *

ಆದರೆ ಅವಳು ಕುಳಿತುಕೊಳ್ಳುವುದು ಸಾಧ್ಯವಿತ್ತೇ? 1965ರ ಸರ್ಕಾರಿ ಆದೇಶವೊಂದು ಬೇರೆ ಬೇರೆ ವರ್ಣದವರು ಒಂದೇ ಪ್ರೇಕ್ಷಾಗೃಹದಲ್ಲಿ ಕೂರುವುದನ್ನು ನಿಷೇಧಿಸಿತು. ಕೇಪ್‌ಟೌನಿನ ಭವ್ಯವಾದ ನೀಕೊ ಮಲಾನ್ ರಂಗಮಂದಿರ 1971ರಲ್ಲಿ ತೆರೆದಾಗ ಅದು ಬಿಳಿಯರಿಗೆ ಮಾತ್ರ. ಎಲ್ಲರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಆಡಮ್ ಸ್ಮಾಲ್ ಅವರು 1965ರಲ್ಲಿ ಪ್ರಕಟಿಸಿದ 'ಕನ್ನಾ ಹೇ ಕೋ ಹೇಸ್ಟೂ' ನಾಟಕದ ಕಥೆಯೇ ಸಾಕು. ಅವರು ಮಿಶ್ರವರ್ಣೀಯ ಲೇಖಕರು. ಹಳ್ಳಿಗಾಡಿನಿಂದ ಕೇಪ್‌ಟೌನಿಗೆ ಬಂದು ನುಚ್ಚುನೂರಾದ ಕುಟುಂಬವೊಂದರ ಕಥೆಯನ್ನು ತಮ್ಮ ಜನರ ಆಡುಮಾತಿನಲ್ಲಿ ಬರೆದರು. ಅದು ಆಫ್ರಿಕಾನ್ಸ್ ರಂಗಭೂಮಿಯ ಶ್ರೇಷ್ಠ ನಾಟಕಗಳಲ್ಲಿ ಒಂದು ಎಂಬ ಮನ್ನಣೆ ಪಡೆಯಿತು. ಆದರೆ 1974ರಲ್ಲಿ ಸರ್ಕಾರಿ ಅನುದಾನದ ನಾಟಕ ಮಂಡಳಿ ಅದನ್ನು ಆಡಿದಾಗ ಆ ಬಡತಾಯಿಯ ಪಾತ್ರ ಮಾಡಿದ್ದು ಬಿಳಿಯ ನಟಿ. ಮಾತು ಅವರದು, ನೋವು ಅವರದು, ಮೈ ಮಾತ್ರ ಇನ್ನೊಬ್ಬರದು.

ಇದಕ್ಕೆ ಎದುರಾಗಿ ಜೊಹಾನ್ಸ್‌ಬರ್ಗಿನಲ್ಲಿ 1976ರಲ್ಲಿ ಮಾರ್ಕೆಟ್ ಥಿಯೇಟರ್ ಆರಂಭವಾಯಿತು. ಬಾರ್ನಿ ಸೈಮನ್ ಮತ್ತು ಮ್ಯಾನಿ ಮಾನಿಮ್ ಎಂಬಿಬ್ಬರು ಅದನ್ನು ಕಟ್ಟಿದ ಜಾಗ ಭಾರತೀಯ ವ್ಯಾಪಾರಿಗಳ ಹಳೆಯ ಹಣ್ಣಿನ ಮಾರುಕಟ್ಟೆ. ಎಲ್ಲ ವರ್ಣದ ನಟರೂ ಎಲ್ಲ ವರ್ಣದ ಪ್ರೇಕ್ಷಕರೂ ಅಲ್ಲಿ ಒಂದೇ ಸೂರಿನಡಿ ಸೇರಿದರು. ಹಣ್ಣಿನ ಮಂಡಿಯಲ್ಲಿ ವರ್ಣಭೇದದ ಕಾನೂನು ಮೆತ್ತಗಾಯಿತು.

1978ರಲ್ಲಿ ಆಫ್ರಿಕಾನ್ಸ್ ಓದುಗರನ್ನು ಬೆಚ್ಚಿಬೀಳಿಸಿದ ಕಾದಂಬರಿ ಎಲ್ಸಾ ಯೂಬೇರ್ ಅವರ 'ಪಾಪಿ ನೊಂಗೇನಾಳ ಅಲೆದಾಟದ ವರ್ಷಗಳು'. 'ಪಾಪಿ' ಎಂದರೆ ಅವರ ಭಾಷೆಯಲ್ಲಿ ಪುಟ್ಟ ಗೊಂಬೆ. ಹೆಸರು ಗೊಂಬೆಯದಾದರೂ ಬಾಳು ಕಲ್ಲಿನದು. ಆಕೆ ಷೋಸಾ ಜನಾಂಗದವಳು. ಅಪಿಂಗ್ಟನ್ ಎಂಬ ಡಾರ್ಪಿನ ಆಚೆಕೇರಿಯಲ್ಲಿ ಹುಟ್ಟಿ, ಆಫ್ರಿಕಾನ್ಸ್ ಆಡುತ್ತಲೇ ಬೆಳೆದವಳು. ಲ್ಯಾಂಬರ್ಟ್ಸ್ ಬೇ ಎಂಬ ಕಡಲೂರಿನ ಮೀನು ಕಾರ್ಖಾನೆಯಲ್ಲಿ ದುಡಿದವಳು. ಕೇಪ್‌ಟೌನಿನಲ್ಲಿ ಬಿಳಿಯರ ಮನೆಗೆಲಸ ಮಾಡುತ್ತ, ಪರವಾನಗಿ ಚೀಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದವಳು. ಕೊನೆಗೆ ಗಂಡನ ಮೂಲನೆಲೆ ಬೇರೆ ಎಂಬ ಕಾರಣಕ್ಕೆ, ಕಂಡರಿಯದ ಊರಿಗೆ ಮಕ್ಕಳೊಡನೆ ಸಾಗಹಾಕಲ್ಪಟ್ಟವಳು. ನಿಜಜೀವನದ ಒಬ್ಬ ಹೆಂಗಸು ಹೇಳಿದ್ದನ್ನು ಕೇಳಿ, ಆಕೆಯ ಗುರುತನ್ನು ಮರೆಸಿ ಲೇಖಕಿ ಬರೆದ ಪುಸ್ತಕ ಇದು. ಅದುವರೆಗೆ ಕಾಫಿ ತರುತ್ತಿದ್ದವಳು ಇಲ್ಲಿ ಕುರ್ಚಿ ಎಳೆದುಕೊಂಡು ಕುಳಿತು ತಾನೇ ಕಥೆ ಹೇಳತೊಡಗಿದಳು.

ಸಾಂಡ್ರಾ ಕೊಟ್ಸೆ ಅವರು ಲೇಖಕಿಯ ಜೊತೆ ಸೇರಿ ಇದಕ್ಕೆ ರಂಗರೂಪ ಕೊಟ್ಟರು. ಹಿಲರಿ ಬ್ಲೆಕರ್ ನಿರ್ದೇಶಿಸಿದರು. 1982ರಲ್ಲಿ ನಾಟಕ ನ್ಯೂಯಾರ್ಕಿಗೂ ಹೋಯಿತು. ಅಲ್ಲಿ ಎದುರಾದ ತೊಡಕು ಬೇರೆ ಬಗೆಯದು. ನೂರಾರು ಪುಟಗಳಲ್ಲಿ ಹರಡಿದ ನಾಲ್ಕು ದಶಕಗಳ ಬದುಕು, ಹತ್ತಾರು ಊರು, ಲೆಕ್ಕವಿಲ್ಲದಷ್ಟು ಕಚೇರಿ. ಇದನ್ನೆಲ್ಲ ಒಂದು ಸಂಜೆಗೆ ಇಳಿಸುವುದು ಹೇಗೆ? ಅವರು ಕಂಡುಕೊಂಡ ಉತ್ತರ ಹಾಡು. ಸೋಫಿ ಎಂಜಿನಾ ಅವರ ಸಂಗೀತದಲ್ಲಿ ಷೋಸಾ ಹಾಡುಗಳೂ ಪ್ರಾರ್ಥನಾ ಗೀತೆಗಳೂ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ, ಒಂದೂರಿನಿಂದ ಇನ್ನೊಂದೂರಿಗೆ ಸೇತುವೆಯಾದವು. ಪುಸ್ತಕದಲ್ಲಿ ಪಾಪಿ ಒಬ್ಬಳೇ ಅಳುತ್ತಾಳೆ. ರಂಗದ ಮೇಲೆ ಅವಳ ಸುತ್ತ ಇತರರು ನಿಂತು ದನಿಗೂಡಿಸುತ್ತಾರೆ. ಒಬ್ಬಳ ಕಷ್ಟ ಒಂದು ಜನಸಮುದಾಯದ ಕಷ್ಟವಾಗಿ ಕೇಳಿಸುತ್ತದೆ. ರಂಗರೂಪ ಮೂಲಕ್ಕೆ ಏನನ್ನಾದರೂ ಸೇರಿಸುವುದಾದರೆ ಹೀಗೆ ಸೇರಿಸಬೇಕು.

* * *

ಇನ್ನೊಂದು ದಾರಿ ಇದೆ. ಅದು ಮೂಲಕ್ಕೆ ನಿಷ್ಠವಾಗಿರುವ ದಾರಿಯಲ್ಲ, ಮೂಲವನ್ನು ಮಗುಚಿ ಹಾಕುವ ದಾರಿ. ಆಲ್ಬಾ ಬೌವರ್ ಅವರ 'ರಿವಿಯರ್‌ಪ್ಲಾಸ್ ಕಥೆಗಳು' 1955ರಲ್ಲಿ ಬಂದ ಮಕ್ಕಳ ಪುಸ್ತಕ. ಫ್ರೀ ಸ್ಟೇಟ್ ಸೀಮೆಯ ಹೊಲಮನೆ, ಪುಟ್ಟ ಹುಡುಗಿ ಆಲಿ, ಅವಳನ್ನು ಸಾಕುವ, ಅವಳಿಗೆ ಕಥೆ ಹೇಳುವ ಸೂತೊ ಜನಾಂಗದ ಮುದುಕಿ ಮೆಲಿಟಿ. ಬೆಚ್ಚನೆಯ ಅಡುಗೆಮನೆ, ಕುಂದಿಲ್ಲದ ಬಾಲ್ಯ. ಆಫ್ರಿಕಾನ್ಸ್ ಮನೆಗಳಲ್ಲಿ ಮಕ್ಕಳು ಈ ಕಥೆಗಳನ್ನು ಕೇಳುತ್ತ ನಿದ್ದೆಹೋಗುತ್ತಿದ್ದರು.

ಅದೇ ಸೀಮೆಯ ಸೆನೆಕಲ್ ಎಂಬ ಡಾರ್ಪಿನಲ್ಲಿ 1952ರಲ್ಲಿ ಹುಟ್ಟಿದ ರೇಜಾ ಡಿ ವೆಟ್ 1985ರಲ್ಲಿ ತಮ್ಮ ಮೊದಲ ನಾಟಕ 'ಡೀಪೆ ಗ್ರೋಂಟ್' ಬರೆದರು. 'ಆಳದ ನೆಲ' ಎಂದು ಅದರರ್ಥ. ನೋಡುವವರಿಗೆ ರಿವಿಯರ್‌ಪ್ಲಾಸ್ ನೆನಪಾಗದೆ ಇರದು. ಅದೇ ಹೊಲಮನೆ, ಅದೇ ಮಕ್ಕಳು, ಅದೇ ದಾದಿ. ಆದರೆ ಮಕ್ಕಳು ಬೆಳೆದುನಿಂತಿದ್ದಾರೆ. ಮನೆ ಕೊಳೆತುಬಿದ್ದಿದೆ. ಅಪ್ಪ ಅಮ್ಮ ಇಲ್ಲ, ಅವರನ್ನು ಕೊಂದವರು ಈ ಮಕ್ಕಳೇ. ಅಣ್ಣ ತಂಗಿ ಇಬ್ಬರೂ ಅಪ್ಪ ಅಮ್ಮನ ಮಾತನ್ನು ಅನುಕರಿಸುತ್ತ, ಅವರ ಬೈಬಲ್ ಪಾಠವನ್ನೂ ಚಾಟಿಯೇಟನ್ನೂ ಆಟವಾಗಿ ಆಡುತ್ತ ಕಾಲ ಕಳೆಯುತ್ತಾರೆ. ಪಟ್ಟಣದಿಂದ ವಕೀಲನೊಬ್ಬ ಬರುತ್ತಾನೆ. ಬಂದವನು ಜೀವಸಹಿತ ವಾಪಸಾಗುವುದಿಲ್ಲ. ಇದೆಲ್ಲದರ ನಡುವೆ ಆಲಿನಾ ಎಂಬ ಕರಿಯ ದಾದಿ ಇದ್ದಾಳೆ. ಹೆಚ್ಚು ಮಾತಿಲ್ಲದೆ, ಎಲ್ಲವನ್ನೂ ನೋಡುತ್ತ.

ಮಕ್ಕಳ ಪುಸ್ತಕದ ಮುದುಕಿ ಬಾಯಿತುಂಬ ಕಥೆ ಹೇಳುತ್ತಿದ್ದಳು. ಆದರೆ ಅವಳ ಸ್ವಂತದ ಕಥೆಯನ್ನು ಯಾರೂ ಕೇಳಿರಲಿಲ್ಲ. ನಾಟಕದ ಮುದುಕಿ ಮಾತಾಡುವುದು ಕಡಿಮೆ. ಆದರೆ ಪ್ರೇಕ್ಷಕರ ಕಣ್ಣು ಮತ್ತೆ ಮತ್ತೆ ಅವಳ ಕಡೆ ಹೊರಳುತ್ತದೆ: ಇವಳಿಗೆ ಏನೆಲ್ಲ ಗೊತ್ತಿದೆ? ಇವಳು ಮಕ್ಕಳನ್ನು ಕಾಯುತ್ತಿದ್ದಾಳೆಯೋ, ಕಾದು ನೋಡುತ್ತಿದ್ದಾಳೆಯೋ? ನಾಟಕ ಬಂದ ವರ್ಷವೇ ದೇಶದ ಹಲವು ಭಾಗಗಳಲ್ಲಿ ತುರ್ತುಪರಿಸ್ಥಿತಿ ಜಾರಿಯಾಗಿತ್ತು. ರಾಜಕೀಯದ ಒಂದು ಘೋಷಣೆಯೂ ಇಲ್ಲದ ಈ ನಾಟಕ ಬಿಳಿಯ ಪ್ರೇಕ್ಷಕರನ್ನು ಯಾಕಷ್ಟು ಕಲಕಿತು ಎಂದು ಕೇಳಿದರೆ, ಅವರ ನಿದ್ದೆಯ ಕಥೆಯನ್ನೇ ಅದು ಕಸಿದುಕೊಂಡಿತ್ತು. 2012ರಲ್ಲಿ ತೀರಿಕೊಳ್ಳುವವರೆಗೂ ಡಿ ವೆಟ್ ಡಾರ್ಪಿನ ಮುಚ್ಚಿದ ಬಾಗಿಲುಗಳನ್ನು ತಟ್ಟುತ್ತಲೇ ಇದ್ದರು.

ಡಾಲೀನ್ ಮಥೀ ಅವರ 'ಫೀಲಾಳ ಮಗು' ಕಾದಂಬರಿ ಬಂದದ್ದೂ 1985ರಲ್ಲಿಯೇ. ಕಥೆಯ ಕಾಲ ಹತ್ತೊಂಬತ್ತನೆಯ ಶತಮಾನ. ನೈಸ್ನಾ ಕಾಡಿನಲ್ಲಿ ಮರಕಡಿಯುವ ಬಿಳಿಯರ ಮೂರು ವರ್ಷದ ಮಗುವೊಂದು ಕಾಣೆಯಾಗುತ್ತದೆ. ಬೆಟ್ಟದಾಚೆಯ ಕಣಿವೆಯಲ್ಲಿ ಫೀಲಾ ಎಂಬ ಮಿಶ್ರವರ್ಣೀಯ ಹೆಂಗಸು ಬಾಗಿಲಲ್ಲಿ ಸಿಕ್ಕಿದ ಬಿಳಿಯ ಮಗುವನ್ನು ತನ್ನ ಮಕ್ಕಳ ಜೊತೆ ಸಾಕುತ್ತಾಳೆ. ಒಂಬತ್ತು ವರ್ಷಗಳ ಮೇಲೆ ಜನಗಣತಿಯವರು ಬಂದು ಹುಡುಗನನ್ನು ಕಂಡು ಒಯ್ಯುತ್ತಾರೆ. ನೈಸ್ನಾ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಮಗು ಕಳೆದುಕೊಂಡ ತಾಯಿಗೆ ಇವರಲ್ಲಿ ನಿನ್ನ ಮಗ ಯಾರು ಎಂದು ಕೇಳುತ್ತಾರೆ. ಅವಳು ಕೈತೋರಿಸುತ್ತಾಳೆ. ಫೀಲಾ ಬೆಟ್ಟ ದಾಟಿ ಕಾಲ್ನಡಿಗೆಯಲ್ಲಿ ಬಂದು ಮೊರೆಯಿಟ್ಟರೂ ಕೇಳುವವರಿಲ್ಲ.

ಈ ಕಾದಂಬರಿ 1988ರಲ್ಲಿ ಸಿನಿಮಾ ಆಯಿತು, ರಂಗಕ್ಕೂ ಬಂತು. ಮಥೀ ಅವರು ಕಥೆಯನ್ನು ಒಮ್ಮೆ ಫೀಲಾಳ ಕಡೆಯಿಂದ, ಒಮ್ಮೆ ಹುಡುಗನ ಕಡೆಯಿಂದ ಹೇಳುತ್ತ ಹೋಗುತ್ತಾರೆ. ಓದುಗನಿಗೆ ಅವರವರ ಮನಸ್ಸಿನ ಒಳಗೆ ಹೋಗಲು ಅವಕಾಶವಿದೆ. ರಂಗದ ಮೇಲೆ ಒಳಮನಸ್ಸು ಕಾಣುವುದಿಲ್ಲ, ಸಾಲು ಕಾಣುತ್ತದೆ. ಸಾಲಾಗಿ ನಿಂತ ಹುಡುಗರು, ತಡವರಿಸುವ ಒಂದು ಬೆರಳು. ಚರ್ಮದ ಬಣ್ಣ ನೋಡಿ ತಾಯಿ ಯಾರೆಂದು ತೀರ್ಮಾನಿಸುವ ಸರ್ಕಾರದ ಮೂರ್ಖತನವನ್ನು ವಿವರಿಸಲು ಬೇರೆ ಮಾತು ಬೇಕಿಲ್ಲ. ಪ್ರೇಕ್ಷಕನೂ ಆ ಹೊತ್ತಿನಲ್ಲಿ ಮಕ್ಕಳ ಮುಖ ನೋಡಿ ತಾನೂ ಒಬ್ಬನನ್ನು ಆರಿಸುತ್ತಿರುತ್ತಾನೆ. ಮ್ಯಾಜಿಸ್ಟ್ರೇಟರು ಮಾಡಿದ ತಪ್ಪನ್ನೇ ತಾನೂ ಮಾಡಿದೆ ಎಂದು ಅವನಿಗೆ ತಿಳಿಯುವುದು ಆಮೇಲೆ.

* * *

1994ರ ಏಪ್ರಿಲ್‌ನಲ್ಲಿ ಎಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆಯಿತು. ಆಫ್ರಿಕಾನ್ಸ್ ಹನ್ನೊಂದು ಅಧಿಕೃತ ಭಾಷೆಗಳಲ್ಲಿ ಒಂದಾಯಿತು. ಸರ್ಕಾರಿ ನಾಟಕ ಮಂಡಳಿಗಳಿಗೆ ಹರಿಯುತ್ತಿದ್ದ ಹಣ ಮುಂದಿನ ವರ್ಷಗಳಲ್ಲಿ ಬತ್ತಿತು. ಆಗ ನಡೆದದ್ದು ಒಂದು ತಮಾಷೆಯ ತಿರುವು. ಇಷ್ಟುಕಾಲ ಡಾರ್ಪಿನ ಕಥೆ ನಗರದ ರಂಗಮಂದಿರಕ್ಕೆ ಹೋಗುತ್ತಿತ್ತು. ಈಗ ರಂಗಭೂಮಿಯೇ ಗಂಟುಮೂಟೆ ಕಟ್ಟಿಕೊಂಡು ಡಾರ್ಪಿಗೆ ಬಂತು! 1995ರಲ್ಲಿ ಔಟ್ಸ್‌ಹೋರ್ನ್ ಎಂಬ ಊರಿನಲ್ಲಿ ಕ್ಲೇನ್ ಕರೂ ಕಲಾ ಉತ್ಸವ ಆರಂಭವಾಯಿತು. ಒಂದು ಕಾಲಕ್ಕೆ ಉಷ್ಟ್ರಪಕ್ಷಿಯ ಗರಿ ಮಾರಿ ಅರಮನೆಯಂಥ ಮನೆ ಕಟ್ಟಿಸಿಕೊಂಡ ಊರು ಅದು. 1914ರ ಹೊತ್ತಿಗೆ ಗರಿಯ ಶೋಕಿ ಮುಗಿದು, ಮಾರುಕಟ್ಟೆ ಬಿದ್ದು ದಿವಾಳಿ ಎದ್ದದ್ದೂ ಅಲ್ಲೇ. ಹಳೆಯ ರಾಷ್ಟ್ರಗೀತೆಯನ್ನು ಬರೆದ ಲಾಂಗನ್‌ಹೋವನ್ ಬಾಳಿದ ಊರೂ ಅದೇ.

ಉತ್ಸವದ ದಿನಗಳಲ್ಲಿ ಶಾಲೆ, ಚರ್ಚಿನ ಸಭಾಂಗಣಗಳೆಲ್ಲ ನಾಟಕಶಾಲೆಗಳಾದವು. ಆದರೆ ಹಳೆಯ ಪ್ರಶ್ನೆ ಅಲ್ಲಿಯೂ ಬೆನ್ನು ಬಿಡಲಿಲ್ಲ. ಊರಿನ ಆಚೆಕೇರಿಗಳಾದ ಬ್ರಿಜ್‌ಟನ್, ಬೊಂಗೊಲೆತು ಕಡೆಯವರು ಈ ಉತ್ಸವದಲ್ಲಿ ಬರಿಯ ಕಾವಲುಗಾರರೋ, ತಿಂಡಿ ಮಾರುವವರೋ, ಅಥವಾ ಪ್ರೇಕ್ಷಕರೂ ನಟರೂ ಹೌದೋ? ಡಾರ್ಪಿನ ನಾಟಕವನ್ನು ಡಾರ್ಪಿನಲ್ಲೇ ಆಡುವಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಗರದ ದೂರವೂ ಇರುವುದಿಲ್ಲ.

ಊಮ್ ಸ್ಕಾಲ್ಕ್‌ನ ಜಗಲಿಗೆ ತಿರುಗಿ ಉತ್ತರ ಕೊಟ್ಟಂತೆ ಕಾಣುವ ಕೃತಿ ಎಬೆನ್ ವೆಂಟರ್ ಅವರ 2009ರ ಕಾದಂಬರಿ 'ಸಾಂಟಾ ಗಾಮ್ಕಾ'. ಇದೂ ಕರೂ ಸೀಮೆಯ ಒಂದು ಡಾರ್ಪಿನ ಕಥೆ, ಕಾಲ ಮಾತ್ರ ಹೊಸದು. ಲಕ್ಕಿ ಎಂಬ ಮಿಶ್ರವರ್ಣೀಯ ಯುವಕ ಹೊಟ್ಟೆಪಾಡಿಗಾಗಿ ಊರ ಗೌರವಸ್ಥರಿಗೆ ಗುಟ್ಟಾಗಿ ಮೈ ಮಾರಿಕೊಳ್ಳುವವನು. ಸುಡುವ ಗೂಡಿನೊಳಗೆ ಸಿಕ್ಕಿಬಿದ್ದು, ಉಳಿದ ಕೆಲವೇ ನಿಮಿಷಗಳಲ್ಲಿ ತನ್ನ ಬದುಕನ್ನೂ ಊರಿನ ಬದುಕನ್ನೂ ಹೇಳುತ್ತಾನೆ. ಇದನ್ನು ರಂಗಕ್ಕೆ ತಂದು ಒಬ್ಬಂಟಿಯಾಗಿ ಆಡಿದವರು ಮಾರ್ಲೊ ಮಿನಾರ್. ಮತ್ತದೇ ಏಕವ್ಯಕ್ತಿ ಪ್ರದರ್ಶನ, ಮತ್ತದೇ ಡಾರ್ಪ್, ಮತ್ತದೇ ಭಾಷೆ. ಊಮ್ ಸ್ಕಾಲ್ಕ್‌ಗೆ ಆತುರವೇ ಇರಲಿಲ್ಲ, ಸಂಜೆ ಪೂರ್ತಿ ಅವನದು. ಲಕ್ಕಿಗೆ ಉಸಿರು ಮುಗಿಯುತ್ತಿದೆ. ಮುದುಕ ಯಾವ ಭಾಗವನ್ನು ಬಿಡಬೇಕೆಂದು ಯೋಚಿಸುತ್ತಿದ್ದ. ಇವನು ಯಾವುದನ್ನೂ ಬಿಡುವ ಹಾಗಿಲ್ಲ. ಮುಂಬಾಗಿಲಿನಿಂದ ಕಂಡ ಊರನ್ನು ಇವನು ಹಿತ್ತಿಲ ಬಾಗಿಲಿನಿಂದ ಕಂಡಿದ್ದಾನೆ.

ಹಾಗೆಂದು ಹಳೆಯ ಜಗಲಿಕಥೆಗಳನ್ನು ಮಡಚಿಟ್ಟುಬಿಡಬೇಕೆಂದಲ್ಲ. ಅವುಗಳ ಹಾಸ್ಯ, ಮಾತಿನ ಬನಿ, ಮಳೆಗೆ ಕಾಯುವ ಜನರ ಸಂಕಟ ಸುಳ್ಳಲ್ಲ. ಅಪ್ಪ ಅಜ್ಜಂದಿರ ಮಾತನ್ನು ರಂಗದ ಮೇಲೆ ಕೇಳಿ ಕಣ್ಣೊರೆಸಿಕೊಳ್ಳುವ ಪ್ರೇಕ್ಷಕನದೂ ಸುಳ್ಳು ಪ್ರೀತಿಯಲ್ಲ. ರಂಗರೂಪ ಮಾಡುವವನು ಒಂದು ಕೆಲಸ ಮಾಡಿದರೆ ಸಾಕು. ಮೂಲದ ಪುಟಗಳನ್ನು ತಿರುವುತ್ತ, ಕರ್ತೃವಿಲ್ಲದ ವಾಕ್ಯಗಳ ಪಟ್ಟಿ ಹಾಕಿಕೊಳ್ಳಬೇಕು. ದೀಪ ಹಚ್ಚಲಾಯಿತು. ಕುದುರೆಗಳನ್ನು ಬಿಚ್ಚಲಾಯಿತು. ಮಗುವನ್ನು ಮಲಗಿಸಲಾಯಿತು. ಕಾಫಿ ಬಂತು. ಹಚ್ಚಿದವರು, ಬಿಚ್ಚಿದವರು, ಮಲಗಿಸಿದವರು, ತಂದವರು ಯಾರೆಂದು ಕೇಳಿ ಅವರಿಗೆ ಒಂದೊಂದು ಹೆಸರಿಟ್ಟರೆ ನಾಟಕದ ಪಾತ್ರವರ್ಗ ಅರ್ಧ ಸಿದ್ಧವಾದಂತೆ.

ಉಳಿದ ಅರ್ಧ ಹೇಗೂ ಜಗಲಿಯ ಮೇಲೆ ಕುಳಿತೇ ಇದೆ, ಕಾಫಿ ಇನ್ನೂ ಯಾಕೆ ಬರಲಿಲ್ಲವೆಂದು ಒಳಗಿನ ಬಾಗಿಲ ಕಡೆ ನೋಡುತ್ತ.